ಅಡುಗೆಮನೆಯಲ್ಲಿ ಬಿಚ್ಚಿದ ಬೋರ್ಡು

ಆ ಲ್ಯಾಪ್‌ಟಾಪು ನಮ್ಮ ಆಫೀಸಿಗೆ ಬಂದದ್ದು ಒಂದು ಟವೆಲು, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಒಂದು ರೇನ್‌ಕೋಟು ಸುತ್ತಿಕೊಂಡು. ತಂದ ಮನುಷ್ಯ ಮಾತ್ರ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದ. ಇದ್ದ ಒಂದೇ ರೇನ್‌ಕೋಟು ಯಾರಿಗೆ ಸೇರಬೇಕೆಂದು ಗೋರೆಗಾಂವ್ ಸ್ಟೇಷನ್ನಿನಲ್ಲೇ ತೀರ್ಮಾನ ಮಾಡಿ ಲೋಕಲ್ ರೈಲು ಹತ್ತಿದ್ದನೆಂದು ಕಾಣುತ್ತದೆ. ಮೇಜಿನ ಮೇಲೆ ಅದನ್ನು ಇಟ್ಟು, ಸುತ್ತಿದ್ದೆಲ್ಲ ಬಿಚ್ಚಿ, ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ ಮೇಲೆಯೇ ತನ್ನ ಮುಖ ಒರೆಸಿಕೊಂಡ.

"ಚಾಲೂ ಆಗವಲ್ದ್ರಿ ಅಕ್ಕಾರ. ಚಾಲೂ ಆಗದಿದ್ರೂ ಚಿಂತಿಲ್ಲ. ಒಳಗಿಂದು ಒಂದು ತೆಗದು ಕೊಡ್ರಿ," ಎಂದ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲ್ಯಾಪ್‌ಟಾಪ್ ಎಂದರೆ ವಿಮಾನದಲ್ಲಿ ಬಂದು ಹೋಗುವವರ ಹತ್ತಿರ ಕಾಣುವ ವಸ್ತು. ನಾನು ಮುಟ್ಟಿದ್ದೇ ಕಡಿಮೆ, ಬಿಚ್ಚಿದ್ದಂತೂ ಇಲ್ಲವೇ ಇಲ್ಲ. ನಮ್ಮದು ಮುಂಬಯಿಯ ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗೊಂದರ ಫ್ಲಾಟಿನಲ್ಲಿದ್ದ ಸಣ್ಣ ರಿಪೇರಿ ಕಂಪನಿ. ಹಾಲ್‌ನಲ್ಲಿ ಗಿರಾಕಿಗಳು, ಬೆಡ್‌ರೂಮಿನಲ್ಲಿ ಕಂಪ್ಯೂಟರುಗಳು, ಅಡುಗೆಮನೆಯಲ್ಲಿ ಚಹಾ. ಮಾಲೀಕರು ಉಡುಪಿಯ ಕಡೆಯವರು. ಯಂತ್ರಗಳ ಒಳಗಿನ ಬೋರ್ಡುಗಳ ಕೆಲಸವೆಲ್ಲ ಮೈಸೂರಿನಿಂದ ಮದುವೆಯಾಗಿ ಬಂದ ನನ್ನ ಪಾಲಿಗೆ.

ತಂದಾತ ಬಾಗಲಕೋಟೆಯವನು, ಬಟ್ಟೆಯ ಡಿಸೈನರ್. ಸೀರೆಯ ಅಂಚಿನಲ್ಲಿ ಚಿತ್ತಾರ ಮೂಡಬೇಕಾದರೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಬೇಕು. ಯಾವ ದಾರ ಮೇಲೇಳಬೇಕು, ಯಾವುದು ಕೆಳಗಿರಬೇಕೆಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಚಿತ್ತಾರ ನೋಡಿಕೊಂಡು ತೂತುಗಳ ಜಾಗವನ್ನು ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕವನ್ನು ಕಂಪ್ಯೂಟರೇ ಮಾಡುವಂಥ ಪ್ರೋಗ್ರಾಮ್ ಒಂದನ್ನು ಈತ ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಕೂತು, ತಾನೇ ಕಲಿತು ಬರೆದಿದ್ದ. ಮಗ್ಗ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರು ಫ್ಲಾಪಿ ಡ್ರೈವ್ ಕೆಟ್ಟಿದೆಯೆಂದು ಬಿಟ್ಟುಹೋದ ಲ್ಯಾಪ್‌ಟಾಪ್ ಅದು. ಗೋರೆಗಾಂವಿನ ಬಟ್ಟೆ ಕಾರ್ಖಾನೆಯವರು ಶನಿವಾರ ಇದರಲ್ಲಿದ್ದ ಪ್ರೋಗ್ರಾಮನ್ನು ನೋಡುವವರಿದ್ದರು. ಒಪ್ಪಿದರೆ ಡಿಸೈನ್ ವಿಭಾಗ ಇವನ ಕೈಗೆ. ಇಲ್ಲವಾದರೆ ಕೆಲಸ ಮತ್ತೆ ಹೊರಗಿನವರಿಗೆ ಹೋಗುತ್ತದೆ, ಇವನಿಗೆ ಅಲ್ಲಿ ಜಾಗವಿಲ್ಲ. ಇದನ್ನೇ ನಂಬಿಕೊಂಡು ಮಿಲ್ಲಿನ ಕಾಯಂ ನೌಕರಿಯನ್ನು ಬಿಟ್ಟು ಬಂದಿದ್ದ.

"ನಕಲು ಎಲ್ಲಿದೆ?" ಎಂದು ಕೇಳಿದೆ.

"ಇಲ್ರಿ. ಫ್ಲಾಪಿ ನಡೀತಿರಲಿಲ್ಲಲ್ರಿ. ಇದರಾಗ ಬರದ್ದು ಇದರಾಗ ಉಳೀತಿತ್ತು, ಹಂಗಾಗಿ ಧೈರ್ಯ."

ಆ ಧೈರ್ಯದ ಮೂಲ ಯಾವುದೆಂದು ನೋಡುವ ಕುತೂಹಲ ನನಗೆ. ಹಾರ್ಡ್ ಡಿಸ್ಕ್ ಇರಬಹುದೆಂದುಕೊಂಡೆ. ಅದಾದರೆ ತೆಗೆದು ಬೇರೆ ಕಡೆ ಹಾಕಿ ಓದಬಹುದಿತ್ತು. ಕೆಳಗಿನ ಚಿಕ್ಕ ಮುಚ್ಚಳ ತೆಗೆದು ಟಾರ್ಚ್ ಹಿಡಿದೆ. ಡಿಸ್ಕ್ ಎಲ್ಲೂ ಇಲ್ಲ. ಬೋರ್ಡಿನ ಅಂಚಿಗೆ ಬೆಸೆದ, ಹೆಬ್ಬೆರಳಿನಷ್ಟು ದಪ್ಪದ ಬ್ಯಾಟರಿಯೊಂದಿತ್ತು. ಅದರ ಬಾಯಿಯ ಸುತ್ತ ಹಸಿರು ಮಿಶ್ರಿತ ಬಿಳಿ ಹೊಪ್ಪಳೆ ಕಟ್ಟಿತ್ತು.

ನನಗೆ ಅರ್ಥವಾಯಿತು, ಆದರೆ ಸಂತೋಷವಾಗಲಿಲ್ಲ. ಯಂತ್ರ ಆಫ್ ಆಗಿದ್ದಾಗಲೂ ಆ ಪುಟ್ಟ ಬ್ಯಾಟರಿ ಮೆಮೊರಿ ಚಿಪ್ಪುಗಳಿಗೆ ಕರೆಂಟ್ ಉಣಿಸುತ್ತ, ಬರೆದದ್ದನ್ನು ಕಾಯುತ್ತಿತ್ತು. ಈಗ ಅದೇ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಿದೆ. ಯಾವುದೋ ಗೆರೆ ಕಡಿದುಹೋದದ್ದರಿಂದ ಯಂತ್ರ ಆನ್ ಆಗುತ್ತಿಲ್ಲ. ಆನ್ ಆಗದ್ದರಿಂದ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಮೀಟರಿನ ಕಡ್ಡಿ ತೂರಿಸಿ ನೋಡಿದೆ. ಜೀವ ಇತ್ತು. ಮರುದಿನ ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಕಡಿಮೆಯಾಗಿತ್ತು.

ಮಾಲೀಕರು ಆ ಲ್ಯಾಪ್‌ಟಾಪ್ ಕಂಪನಿಯ ಯಂತ್ರಗಳನ್ನು ಬಲ್ಲ ಒಬ್ಬರಿಗೆ ಫೋನ್ ಮಾಡಿದರು. "ಬೋರ್ಡ್ ಬದಲಿಸಿ, ಒಳಗಿನದ್ದು ಮರೆತುಬಿಡಿ" ಎಂದು ಅವರು ಕೈ ಚೆಲ್ಲಿದರು. ಬೋರ್ಡನ್ನು ಹೊರಗೆ ತೆಗೆಯದೆ ಆ ಗೆರೆಯನ್ನು ಮುಟ್ಟುವಂತಿಲ್ಲ. ಮಾಮೂಲಿನಂತೆ ತೆಗೆಯಬೇಕೆಂದರೆ ಮೊದಲು ಬ್ಯಾಟರಿ ಕಳಚಬೇಕು. ಈ ಬ್ಯಾಟರಿ ಕಳಚಿದರೆ ಪ್ರೋಗ್ರಾಮ್ ಹೋಯಿತು. ಹಾಗಾಗಿ ಬೋರ್ಡನ್ನು ಜೀವ ಇರುವಾಗಲೇ ಹೊರಗೆಳೆಯಬೇಕಿತ್ತು. ವಿಚಾರಿಸಲು ಬಂದ ಡಿಸೈನರನಿಗೆ ಇದನ್ನು ಹೇಳಿದೆ. "ತೆಗೀತೀರೇನ್ರಿ?" ಎಂದಷ್ಟೇ ಕೇಳಿದ. ಗುರುವಾರ ತೆಗೆಯುತ್ತೇನೆಂದೆ. ಹೇಳುವಾಗ ಇದ್ದ ಧೈರ್ಯ ಅವನು ಮೆಟ್ಟಿಲಿಳಿದು ಹೋದ ಮೇಲೆ ಇರಲಿಲ್ಲ.

ಇಲ್ಲಿ ನಮ್ಮ ಎಸಿ ರೂಮಿನ ವಿಷಯ ಹೇಳಬೇಕು. ಮಾಲೀಕರಿಗೆ ಅದು ದೇವರಮನೆ. ಚಪ್ಪಲಿ ಹೊರಗೆ ಬಿಡಬೇಕು. ಬರಿಗಾಲಲ್ಲಿ ಹೋದರೆ ಬೆವರು ಅಂಟುತ್ತದೆಂದು ನೈಲಾನ್ ಸಾಕ್ಸ್ ಹಾಕಿಕೊಂಡೇ ಹೋಗಬೇಕು. ನೆಲಕ್ಕೆ ಗೋಡೆಯಿಂದ ಗೋಡೆಗೆ ನೀಲಿ ಕಾರ್ಪೆಟ್ಟು. ಬಾಗಿಲ ಮೇಲೆ ಕುಂಕುಮದ ಬೊಟ್ಟು. ಯಾವ ಯಂತ್ರವನ್ನಾದರೂ ಅಲ್ಲಿಯೇ ಬಿಚ್ಚಬೇಕು, ಗಿರಾಕಿಗಳು ಗಾಜಿನ ಆಚೆ ನಿಂತು ನೋಡಬೇಕು. ಮುಂಬಯಿಯ ಕಂಪ್ಯೂಟರ್ ಆಫೀಸುಗಳಲ್ಲೆಲ್ಲ ಆಗ ಇದೇ ಮಡಿ. ಯಂತ್ರಕ್ಕೆ ನಾವು ಕೊಡುವ ಮರ್ಯಾದೆ ಎಂದುಕೊಂಡಿದ್ದೆವು.

ಆ ರೂಮಿನಲ್ಲಿ ಬಿಚ್ಚಿದ ಬೋರ್ಡುಗಳು ಕೆಲವೊಮ್ಮೆ ಕಾರಣವಿಲ್ಲದೆ ಸಾಯುತ್ತಿದ್ದವು. ಗಿರಾಕಿಯ ಆಫೀಸಿನಲ್ಲಿ, ಫ್ಯಾನಿನ ಕೆಳಗೆ, ಮೊಸಾಯಿಕ್ ನೆಲದ ಮೇಲೆ ಬಿಚ್ಚಿದವು ಸುಮ್ಮನೆ ಕೆಲಸ ಮಾಡುತ್ತಿದ್ದವು. ಮುಂಬಯಿಯ ಲೈನ್ ವೋಲ್ಟೇಜನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಆ ದಿನ ನಾನು ಲ್ಯಾಪ್‌ಟಾಪಿಗೆ ಜಾಗ ಮಾಡಲೆಂದು ಒಳಗೆ ಓಡಾಡಿ ಹೊರಗೆ ಬರುವಾಗ ಬಾಗಿಲ ಚಿಲಕ ಮುಟ್ಟಿದರೆ ಚುರ್ ಎಂದಿತು. ಎಷ್ಟೋ ಸಲ ಆಗಿದ್ದದ್ದೇ. ಹೊರಗೆ ಧೋ ಎಂದು ಮಳೆ, ಗೋಡೆಯೆಲ್ಲ ಹಸಿ. ಇಂಥ ಹವೆಯಲ್ಲಿ ಚಿಲಕ ಶಾಕ್ ಹೊಡೆಯಬೇಕಾದರೆ ಇದೆಲ್ಲಿಂದ ಬಂತು ಎಂದು ಮೊದಲ ಸಲ ಅಲ್ಲೇ ನಿಂತೆ.

ಡ್ರಾಯರಿನಿಂದ ಟೆಸ್ಟರ್ ತೆಗೆದುಕೊಂಡೆ, ಎಲ್ಲರ ಮನೆಯಲ್ಲೂ ಇರುವ, ಹಿಡಿಯೊಳಗೆ ಪುಟ್ಟ ದೀಪವಿರುವ ಸ್ಕ್ರೂಡ್ರೈವರು. ಲೈಟು ಆರಿಸಿ, ಕಾರ್ಪೆಟ್ಟಿನ ಮೇಲೆ ಸಾಕ್ಸ್ ಉಜ್ಜಿಕೊಂಡು ನಡೆದು, ಟೆಸ್ಟರಿನ ತುದಿಯನ್ನು ಚಿಲಕಕ್ಕೆ ತಾಗಿಸಿದೆ. ದೀಪ ಮಿಂಚಿ ಆರಿತು. ಮತ್ತೆ ನಡೆದೆ, ಮತ್ತೆ ಮಿಂಚಿತು. ಪಾಲಿಯೆಸ್ಟರ್ ದುಪಟ್ಟಾವನ್ನು ಕುರ್ಚಿಗೆ ತಿಕ್ಕಿ ಬಂದರೆ ಇನ್ನೂ ಜೋರು. ನನಗೆ ಮಕ್ಕಳ ಹಾಗೆ ಖುಷಿಯಾಗಿ ಎಷ್ಟು ಸಲ ಮಾಡಿದೆನೋ. ಕೊನೆಗೆ ಸಾಕ್ಸ್ ತೆಗೆದು ಅಡುಗೆಮನೆಗೆ ಹೋದೆ. ಅಲ್ಲಿ ಕಲ್ಲಿನ ನೆಲ, ಕಡಪ ಕಲ್ಲಿನ ಕಟ್ಟೆ, ತೆರೆದ ಕಿಟಕಿ. ಎಷ್ಟು ತಿರುಗಾಡಿ ನಲ್ಲಿಗೆ ತಾಗಿಸಿದರೂ ದೀಪ ಮಿಂಚಲಿಲ್ಲ.

ಎಸಿ ಗಾಳಿಯ ತೇವವನ್ನು ಹೀರಿ ಒಣಗಿಸುತ್ತಿತ್ತು. ಒಣ ಗಾಳಿಯಲ್ಲಿ ಕಾರ್ಪೆಟ್ಟು, ಸಾಕ್ಸು, ನನ್ನ ದುಪಟ್ಟಾ ಸೇರಿ ಮೈಗೆ ಕರೆಂಟು ತುಂಬುತ್ತಿದ್ದವು. ಚಿಲಕಕ್ಕೆ ಚುರ್ ಎನ್ನುವುದು ಚಿಪ್ಪಿಗೆ ಸಾವು. ಚಿಪ್ಪುಗಳ ಬಗ್ಗೆ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮುಂಬಯಿಯಂಥ ಬೆವರಿಳಿಯುವ ಊರಿನಲ್ಲಿ ಅದು ನಮಗಲ್ಲ, ಚಳಿದೇಶದವರಿಗೆ ಎಂದುಕೊಂಡಿದ್ದೆ. ನಾವು ದುಡ್ಡು ಸುರಿದು ಒಂದು ಚಳಿದೇಶವನ್ನು ಬೆಡ್‌ರೂಮಿನಲ್ಲಿ ಕಟ್ಟಿಕೊಂಡಿದ್ದೆವು.

ಬೋರ್ಡನ್ನು ಅಡುಗೆಮನೆಯಲ್ಲಿ ಬಿಚ್ಚುತ್ತೇನೆಂದು ಮಾಲೀಕರಿಗೆ ಹೇಳಿದೆ.

"ಎಂತ ಮಾರಾಯ್ರೆ, ಚಹಾ ಮಾಡುವ ಜಾಗದಲ್ಲಿ ಕಂಪ್ಯೂಟರ್ ಬಿಚ್ಚುವುದಾ? ಗಿರಾಕಿ ನೋಡಿದರೆ ಎಂತ ಹೇಳ್ಲಿಕ್ಕಿಲ್ಲ?"

"ಇದೊಂದು ಸಲ ಸಾರ್. ಎಸಿ ರೂಮಲ್ಲಿ ಬಿಚ್ಚಿ ಏನಾದ್ರೂ ಆದ್ರೆ ಆ ಮನುಷ್ಯನ ಮುಖ ನೋಡೋಕಾಗಲ್ಲ ನನಗೆ."

"ಅಷ್ಟು ಖರ್ಚು ಮಾಡಿ ರೂಮು ಮಾಡಿಸಿದ್ದು ಯಾಕೆ ಹಾಗಾದ್ರೆ?"

ಬಾಯಲ್ಲಿ ಹೇಳಿದರೆ ಆಗುವುದಲ್ಲವೆಂದು ಅವರ ಕೈಗೆ ಟೆಸ್ಟರ್ ಕೊಟ್ಟು, ಲೈಟು ಆರಿಸಿ, ಕಾರ್ಪೆಟ್ಟಿನ ಮೇಲೆ ನಡೆಸಿದೆ. ದೀಪ ಮಿಂಚಿತು. ಇನ್ನೊಂದು ಸಲ ನಡೆದರು. ಮೂಲೆಯವರೆಗೆ ಹೋಗಿ ಬಂದು ಮತ್ತೆ ತಾಗಿಸಿದರು. "ನಾಳೆ ಅಡುಗೆಮನೆ ತೊಳೆಸ್ತೇನೆ" ಎಂದು ಹೇಳಿ ಹೊರಗೆ ಹೋದರು.

ಗುರುವಾರ ಬೆಳಿಗ್ಗೆ ನಾನು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ಉಟ್ಟುಕೊಂಡು ಬಂದೆ. ಬಳೆ, ವಾಚು ಬಿಚ್ಚಿಟ್ಟೆ. ಬಗ್ಗಿದಾಗ ಮಾಂಗಲ್ಯದ ಸರ ಜೋತುಬಿದ್ದು ಜೀವಂತ ಬೋರ್ಡಿಗೆ ತಾಗಿದರೆ ಕಥೆ ಮುಗಿದಂತೆ, ಅದನ್ನು ಬೆನ್ನಿನ ಕಡೆ ತಿರುಗಿಸಿ ಪಿನ್ನು ಹಾಕಿಕೊಂಡೆ. ತಾಮ್ರದ ತಂತಿಯನ್ನು ಮಣಿಕಟ್ಟಿಗೆ ಸುತ್ತಿ, ನಡುವೆ ದೊಡ್ಡ ರೆಸಿಸ್ಟರೊಂದನ್ನು ಬೆಸೆದು, ಇನ್ನೊಂದು ತುದಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟಿದೆ. ಮೈಯಲ್ಲಿ ಏನಾದರೂ ಕೂಡಿಕೊಂಡರೆ ಅದು ನಿಧಾನವಾಗಿ ನೆಲಕ್ಕಿಳಿಯಲಿ, ನನಗೂ ಶಾಕ್ ಹೊಡೆಯದಿರಲಿ ಎಂದು. ಫ್ಯಾನಿಲ್ಲದ ಆ ಸೆಕೆಯಲ್ಲಿ ಹಣೆಯ ಬೆವರು ಬೋರ್ಡಿನ ಮೇಲೆ ಬಿದ್ದರೆ ಇಷ್ಟೆಲ್ಲ ಮಾಡಿದ್ದೂ ದಂಡ, ಆದ್ದರಿಂದ ತಲೆಗೆ ಕರ್ಚೀಫು ಬಿಗಿದೆ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿ, ನಗು ತಡೆಯಲು ಕೆಮ್ಮಿದರು.

ಡಿಸೈನರ್ ಬಂದಿದ್ದ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಚಹಾ ತೆಗೆದುಕೊಂಡ, ಕುಡಿಯಲಿಲ್ಲ.

ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚತೊಡಗಿದೆ. ಒಂದೊಂದೂ ಒಂದೊಂದು ಉದ್ದ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಬೋರ್ಡನ್ನೇ ತಿವಿಯುತ್ತದೆ. ರಟ್ಟಿನ ಮೇಲೆ ಯಂತ್ರದ ಆಕಾರ ಗೀಚಿಕೊಂಡು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚುತ್ತ ಹೋದೆ. ಆತ ಬಗ್ಗಿ ನೋಡಿ, "ನಮ್ಮ ಕಾರ್ಡು ಇದ್ದಂಗ ಐತ್ರಿ," ಎಂದ. ಅವತ್ತು ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಕೀಬೋರ್ಡು ಎತ್ತಿದರೆ ಕೆಳಗೆ ರಿಬ್ಬನ್ನಿನಂಥ ತೆಳು ಪಟ್ಟಿ, ಬೋರ್ಡಿನ ಕೊಂಡಿಯೊಳಗೆ ಸೇರಿತ್ತು. ಎಳೆದೆ, ಬರಲಿಲ್ಲ. ಇನ್ನೂ ಸ್ವಲ್ಪ ಎಳೆದಿದ್ದರೆ ಹರಿಯುತ್ತಿತ್ತು. ಕೈ ಬಿಟ್ಟು ಭೂತಗನ್ನಡಿ ಹಿಡಿದು ನೋಡಿದೆ. ಕೊಂಡಿಯ ಎರಡು ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಕಿವಿಗಳಿದ್ದವು. ಅವನ್ನು ಮೇಲಕ್ಕೆತ್ತಿದರೆ ಪಟ್ಟಿ ತಾನಾಗಿಯೇ ಸಡಿಲವಾಯಿತು. ಮಾಡಿದವನು ಎಷ್ಟು ಯೋಚಿಸಿ ಮಾಡಿದ್ದಾನೆಂದು ಮೆಚ್ಚುಗೆಯಾಯಿತು, ಒಂದು ಸಾಲು ಬರೆದು ಅಂಟಿಸಬಾರದಿತ್ತೇ ಎಂದು ಸಿಟ್ಟೂ ಬಂತು.

ಈಗ ಬ್ಯಾಟರಿ ಮೇಲಿನಿಂದ ಕಂಡಿತು. ಬೋರ್ಡನ್ನು ಕದಲಿಸುವ ಮೊದಲು ಅದಕ್ಕೆ ಹೊರಗಿನಿಂದ ಆಸರೆ ಕೊಡಬೇಕು. ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಕಟ್ಟಿ, ಕರೆಂಟು ಹಿಂದಕ್ಕೆ ಹರಿಯದಂತೆ ಒಂದು ಡಯೋಡು ಸೇರಿಸಿ ಹಿಂದಿನ ದಿನವೇ ಸಿದ್ಧ ಮಾಡಿದ್ದೆ. ಬೆಸೆಯುವುದು ಮಾತ್ರ ಭಯದ ಕೆಲಸ. ಆ ಕಾಲದ ನಮ್ಮ ಸೋಲ್ಡರಿಂಗ್ ಕಡ್ಡಿಗಳು ತುದಿಯಲ್ಲಿ ಅಷ್ಟಿಷ್ಟು ಕರೆಂಟು ಸೋರಿಸುತ್ತಿದ್ದವು. ಅದಕ್ಕೇ ಕಡ್ಡಿಯನ್ನು ಚೆನ್ನಾಗಿ ಕಾಯಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಆರುವುದರೊಳಗೆ ಬೆಸೆಯಬೇಕು. ಮೊದಲ ಸಲ ಸೀಸ ಹಿಡಿಯುವ ಮೊದಲೇ ಕಡ್ಡಿ ತಣ್ಣಗಾಯಿತು. ಮತ್ತೆ ಕಾಯಿಸಿದೆ. "ನಾನು ಪ್ಲಗ್ ನೋಡಿಕೊಳ್ತೇನೆ," ಎಂದು ಮಾಲೀಕರು ಗೋಡೆಯ ಹತ್ತಿರ ನಿಂತರು. ನಾನು ತಲೆಯಾಡಿಸಿದಾಗ ಕಿತ್ತರು, ನಾನು ಬೆಸೆದೆ. ಹಾಗೆಯೇ ಎರಡೂ ತಂತಿಗಳು ಕೂತವು. ಮೀಟರಿನ ಮುಳ್ಳು ಮೇಲೇರಿ ನಿಂತಿತು. ಸೋರಿದ ಬ್ಯಾಟರಿಯನ್ನು ಕತ್ತರಿಸಿದೆ. ಮುಳ್ಳು ಅಲುಗಲಿಲ್ಲ.

ಬೋರ್ಡಿನ ಸ್ಕ್ರೂಗಳೆಲ್ಲ ಬಂದಿದ್ದವು. ಎತ್ತಿದರೆ ಒಂದು ಮೂಲೆ ಏಳುತ್ತಿಲ್ಲ. ಬಗ್ಗಿಸಿದರೆ ಒಳಗಿನ ಗೆರೆಗಳು ಮುರಿಯುತ್ತವೆ. ಬೆರಳಿನಿಂದ ತಡವಿ ನೋಡಿದಾಗ ಒಂದು ಸ್ಟಿಕರ್ ಕೆಳಗೆ ಗುಳಿ ಸಿಕ್ಕಿತು, ಅದರಡಿಯಲ್ಲಿ ಅಡಗಿಕೊಂಡಿದ್ದ ಇನ್ನೊಂದು ಸ್ಕ್ರೂ. ಅದನ್ನೂ ತೆಗೆದ ಮೇಲೆ ಬೋರ್ಡು ಕೈಗೆ ಬಂತು. ಅಂಚುಗಳನ್ನಷ್ಟೇ ಹಿಡಿದು ಎತ್ತಿದೆ. ಸೆಲ್ಲುಗಳ ಕಟ್ಟು ಜೊತೆಯಲ್ಲಿ ಜೋತಾಡುತ್ತಿತ್ತು, ಸಲೈನ್ ಬಾಟಲಿ ಸಮೇತ ರೋಗಿಯನ್ನು ಹೊರಗೆ ತಂದಂತೆ.

ತಿರುಗಿ ನೋಡುತ್ತೇನೆ, ಮಾಲೀಕರು ಕಟ್ಟೆಯ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ನೀಟಾಗಿ ಹಾಸಿ ಕೈ ತೋರಿಸುತ್ತಿದ್ದಾರೆ. ತಪ್ಪು ಅವರದಲ್ಲ. ತೆಗೆದ ಬೋರ್ಡನ್ನು ಹಾಳೆಯ ಮೇಲೆ ಇಡುವುದು ನಮ್ಮ ಆಫೀಸಿನ ರೂಢಿ, ನಾನೇ ಕಲಿಸಿದ್ದು. ಜೀವವಿಲ್ಲದ ಬೋರ್ಡಿಗೆ ಅದು ಒಳ್ಳೆಯದೇ. ಇದರಲ್ಲಿ ಕರೆಂಟು ಹರಿಯುತ್ತಿತ್ತು. ಹಾಳೆಯ ಮೇಲೆ ಇಟ್ಟ ಕ್ಷಣ ಕೆಳಗೆ ಚಾಚಿದ ಚಿಪ್ಪುಗಳ ಲೋಹದ ಕಾಲುಗಳೆಲ್ಲ ಒಂದಕ್ಕೊಂದು ಸೇರಿ, ಅಷ್ಟು ದಿನದ ಬರಹ ಅಳಿಸಿಹೋಗುತ್ತಿತ್ತು.

"ಸಾರ್, ಅದು ಬೇಡ, ತೆಗೀರಿ. ಆ ಚಪಾತಿ ಮಣೆ ಕೊಡಿ."

"ಥರ್ಮೊಕೋಲ್ ಕೊಡ್ಲಾ?"

"ಅದು ಕಾರ್ಪೆಟ್ಟಿಗಿಂತ ಕೆಟ್ಟದ್ದು. ಮರದ್ದೇ ಬೇಕು."

ಮಣೆಯ ಮೇಲೆ ಡಿಸೈನರ್ ತನ್ನ ಹತ್ತಿ ಟವೆಲನ್ನು ನಾಲ್ಕಾಗಿ ಮಡಿಸಿ ಹಾಸಿದ. ಅದರ ಮೇಲೆ ಬೋರ್ಡು ಇಟ್ಟೆ. ಅಷ್ಟು ಹೊತ್ತು ಉಸಿರು ಹಿಡಿದದ್ದು ನಾನೊಬ್ಬಳೇ ಅಲ್ಲವೆಂದು ಆಮೇಲೆ ಕೇಳಿಸಿತು.

ಹೊಪ್ಪಳೆ ತೆಗೆಯಲು ಹುಳಿ ಬೇಕು. ಅಡುಗೆಮನೆಯಲ್ಲಿ ಅದಕ್ಕೇನು ಕಡಿಮೆ. ಹತ್ತಿಯ ಸಣ್ಣ ಬತ್ತಿಯನ್ನು ನಿಂಬೆರಸಕ್ಕೆ ಅದ್ದಿ, ಹಿಂಡಿ, ಹಸಿಯಿದೆಯೋ ಇಲ್ಲವೋ ಎನ್ನುವಷ್ಟು ಮಾಡಿ ಒತ್ತಿದೆ. ಸಣ್ಣಗೆ ನೊರೆ ಎದ್ದಿತು. ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಟ್ಟೆ. ಹಸಿರು ಹೋದ ಮೇಲೆ ಕಡಿದ ಜಾಗ ಕಂಡಿತು, ಸ್ವಿಚ್ಚಿನಿಂದ ಹೊರಟ ಗೆರೆಯಲ್ಲಿ ಒಂದು ಅಕ್ಕಿಕಾಳಿನಷ್ಟು ಖಾಲಿ. ಟೆಲಿಫೋನ್ ತಂತಿಯ ಒಂದು ಎಳೆಯನ್ನು ಅಡ್ಡ ಇಟ್ಟು, ಮಾಲೀಕರಿಗೆ ತಲೆಯಾಡಿಸಿ, ಬೆಸೆದೆ.

ಪೂರ್ತಿ ಮುಚ್ಚಲಿಲ್ಲ. ಸ್ಕ್ರೀನಿನ ಕೊಂಡಿ, ಕೀಬೋರ್ಡಿನ ಪಟ್ಟಿ ಹಾಕಿ, ಬೋರ್ಡು ಮಣೆಯ ಮೇಲಿದ್ದಂತೆಯೇ ಅಡಾಪ್ಟರ್ ಚುಚ್ಚಿದೆ. ಡಿಸೈನರ್ ಅಷ್ಟರಲ್ಲಿ ಗ್ಯಾಲರಿಗೆ ಹೋಗಿ ಮಳೆಯ ಕಡೆ ಮುಖ ಮಾಡಿ ನಿಂತಿದ್ದ. ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು, ಸ್ಕ್ರೀನು ನೀಲಿಯಾಯಿತು, ಫೈಲುಗಳ ಹೆಸರು ಒಂದರ ಕೆಳಗೊಂದು ಬಂದವು. ಕರೆದೆ. ಬಂದು ನೋಡಿ, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಪ್ರೋಗ್ರಾಮ್ ಓಡಿಸಿದ.

ಚುಕ್ಕಿಗಳು ಸಾಲುಸಾಲಾಗಿ ಇಳಿಯತೊಡಗಿದವು. ಮೊದಲು ಅಂಚಿನ ಗೆರೆ, ಆಮೇಲೆ ಹೂವುಗಳು. ಎಷ್ಟು ಚೆಂದ ಎಂದು ಹೇಳಲು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದೆ. ಹೂವಿನ ಎಡ ಎಸಳಿನಲ್ಲಿ ಇಲ್ಲದ ಒಂದು ಚುಕ್ಕಿ ಬಲ ಎಸಳಿನಲ್ಲಿತ್ತು. ಮುಂದಿನ ಹೂವಿನಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ. ಮೆಮೊರಿ ಕೆಟ್ಟರೆ ಹೀಗೆಯೇ ಕೆಡುವುದು, ಎಲ್ಲೋ ಒಂದು ಚುಕ್ಕಿ. ಒಂದು ಕೆಟ್ಟಿದೆಯೆಂದರೆ ಕಾಣದ ಜಾಗದಲ್ಲಿ ಎಷ್ಟು ಕೆಟ್ಟಿವೆಯೋ ಯಾರಿಗೆ ಗೊತ್ತು. ಎಲ್ಲಿ ತಪ್ಪಿದೆ, ಮೊದಲ ಸಲ ಕಡ್ಡಿ ತಣ್ಣಗಾದಾಗಲೋ, ಬ್ಯಾಟರಿ ಕತ್ತರಿಸಿದಾಗಲೋ ಎಂದು ಯೋಚಿಸುತ್ತ, ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಬೆರಳಿಟ್ಟು ತೋರಿಸಿದೆ.

"ಇದೊಂದು ಹೆಚ್ಚಾಗಿ ಬಂದಿದೆ ನೋಡಿ," ಎಂದೆ.

ಆತ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಿರುಗಿದಾಗ ಅವನ ಕಣ್ಣು ತುಂಬಿಕೊಂಡಿತ್ತು, ನಗುತ್ತಿದ್ದ.

"ಇದು ನನ್ನ ತಪ್ರಿ ಅಕ್ಕಾರ. ನಾನ ಮಾಡಿದ್ದು. ಇದನ್ನ ತಿದ್ದೂಣು ಅಂತ ಕುಂತಾಗನ ಮಷೀನ್ ಬಂದ್ ಆಗಿತ್ತು. ಹೆಂಗಿತ್ತೋ ಹಂಗ ಐತ್ರಿ."

ಒಂದು ತಪ್ಪನ್ನು ನೋಡಿ ನಾನು ಅಷ್ಟು ಸಂತೋಷಪಟ್ಟದ್ದು ಮತ್ತೆಂದೂ ಇಲ್ಲ. ಮಾಲೀಕರು ಇನ್ನೂ ಪ್ಲಗ್ ಹಿಡಿದುಕೊಂಡೇ ನಿಂತಿದ್ದರು. ಏನಾಯಿತೆಂದು ಬಿಡಿಸಿ ಹೇಳಿದ ಮೇಲೆ, "ಹಾಗಾದ್ರೆ ತಪ್ಪು ಉಂಟು ಅಂತ ಖುಷಿಯಾ?" ಎಂದು ತಾವೂ ನಕ್ಕರು.

ಆತ ತಿದ್ದಲು ಕೈ ಹಾಕಿದ. ನಾನು ತಡೆದೆ. ಮೊದಲು ಇದ್ದದ್ದು ಇದ್ದ ಹಾಗೆ ಇನ್ನೊಂದು ಕಡೆ ಇಳಿಯಲಿ, ತಿದ್ದುವುದು ಆಮೇಲೆ ಎಂದೆ. ಅಡುಗೆಮನೆಯಿಂದ ಎಸಿ ರೂಮಿನ ಕಂಪ್ಯೂಟರಿನವರೆಗೆ ಉದ್ದ ಕೇಬಲ್ ಎಳೆದು ಪ್ರೋಗ್ರಾಮನ್ನು ಸಾಗಿಸಿ, ಎರಡು ಫ್ಲಾಪಿಗಳಿಗೆ ಇಳಿಸಿದೆವು. ಆಮೇಲೆ ಆತ ಆ ಒಂದು ಚುಕ್ಕಿಯನ್ನು ಅಳಿಸಿ ಹೂವು ಸರಿಮಾಡಿದ. ಅದನ್ನೂ ಬೇರೆ ಫ್ಲಾಪಿಗೆ ಇಳಿಸಿದೆವು. ಅಷ್ಟಾದ ಮೇಲೆ ಅವನು ಅಡುಗೆಮನೆಯ ನೆಲದ ಮೇಲೆ ಕೂತು, ಆರಿ ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಶನಿವಾರ ಮಧ್ಯಾಹ್ನ ಫೋನು ಬಂತು. ಹಿಂದೆ ಮಗ್ಗಗಳ ಸದ್ದು, ಅವನ ಮಾತು ಅರ್ಧ ಕೇಳಿಸುತ್ತಿರಲಿಲ್ಲ.

"ಒಪ್ಪಿದ್ರಿ ಅಕ್ಕಾರ. ಡಿಸೈನ್ ಖಾತೆ ನನ್ನ ಕೈಯಾಗ ಕೊಟ್ರು. ಸೋಮವಾರ ಮಗ್ಗಕ್ಕ ಏರಸ್ತಾರ."

ಒಳ್ಳೆಯದಾಯಿತು, ನಕಲುಗಳನ್ನು ಜೋಪಾನವಾಗಿಡಿ ಎಂದೆ. ನಮ್ಮ ಹತ್ತಿರ ಉಳಿದಿರುವ ತಪ್ಪಿದ್ದ ನಕಲನ್ನು ಅಳಿಸಿ ಆ ಫ್ಲಾಪಿಯನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಲೇ ಎಂದೂ ಕೇಳಿದೆ.

"ಬ್ಯಾಡ್ರಿ ಅಕ್ಕಾರ," ಎಂದ. "ಜೀವ ಹಿಡಕೊಂಡು ಹೊರಗ ಬಂದಿದ್ದು ಅದ ಅಲ್ರಿ. ಅದು ಹಂಗ ಇರ್ಲಿ."

ನಾನು ಅಳಿಸಲಿಲ್ಲ.